ಕಿರುಬೆರಳಿನ ಅಳತೆ

ನಮ್ಮೂರಿನಲ್ಲಿ ನೆಟ್ಟಗೆ ನಿಲ್ಲುವುದು ಮರ್ಯಾದಸ್ಥರ ಲಕ್ಷಣವಲ್ಲ. ಊರಿನ ಬಡಗಣ ದಿಕ್ಕಿಗೆ ಸೂಜಿಗಲ್ಲಿನ ಗುಡ್ಡವಿದೆ. ಮೈಯಲ್ಲಿ ಕಬ್ಬಿಣವಿದ್ದವರು ಅದರ ಕಡೆಗೆ ವಾಲುತ್ತಾರೆ, ಇಲ್ಲದವರು ವಾಲುವುದಿಲ್ಲ. ವಿಷಯ ಇಷ್ಟೇ. ಹೊರಗಿನಿಂದ ಬಂದವರು ಇದನ್ನು ಕಂಡು ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರೆ. ಅವರವರ ಊರುಗಳಲ್ಲಿ ಜನ ಒಬ್ಬರನ್ನೊಬ್ಬರು ಕೀಳಾಗಿ ಕಾಣಲು ಬಹಳ ಕಷ್ಟಪಡುತ್ತಾರಂತೆ. ಕುಲ ಕೇಳುತ್ತಾರಂತೆ, ಬಣ್ಣ ನೋಡುತ್ತಾರಂತೆ. ನಮಗೆ ಅಂಥ ತಾಪತ್ರಯವಿಲ್ಲ. ಮನುಷ್ಯ ಎಷ್ಟು ಬೆರಳು ವಾಲುತ್ತಾನೆ ಎಂದು ತಿಳಿದರೆ ಸಾಕು. ಅವನನ್ನು ಎಲ್ಲಿ ಕೂರಿಸಬೇಕು, ಅವನ ಮಾತಿಗೆ ಎಷ್ಟು ಹೊತ್ತು ತಲೆಯಾಡಿಸಬೇಕು ಎನ್ನುವುದೆಲ್ಲ ತಾನಾಗಿಯೇ ತೀರ್ಮಾನವಾಗುತ್ತದೆ.

ಆ ತೀರ್ಮಾನ ಹೇಳುವವನು ನಾನಾಗಿದ್ದೆ. ನನ್ನ ಹೆಸರು ಈರಯ್ಯ, ಊರು ಕರೆಯುವುದು ಅಳತೆ ಈರಯ್ಯ ಎಂದು. ನನ್ನ ಸಲಕರಣೆ ಒಂದು ದಾರ, ಅದರ ತುದಿಗೊಂದು ಹಿತ್ತಾಳೆಯ ಗುಂಡು. ಅಳೆಸಿಕೊಳ್ಳುವವರು ಗುಡ್ಡಕ್ಕೆ ಮುಖಮಾಡಿ ನಿಲ್ಲಬೇಕು. ಅವರ ಹಣೆಗೆ ದಾರ ಹಿಡಿದು ಗುಂಡು ಇಳಿಬಿಡುತ್ತೇನೆ. ಅದು ಪಾದದ ತುದಿಗಿಂತ ಎಷ್ಟು ಮುಂದೆ ಬಂತೋ ಅಷ್ಟನ್ನು ನನ್ನ ಬೆರಳನ್ನು ಅಡ್ಡಲಾಗಿ ಇಟ್ಟು ಎಣಿಸಿ ಕೂಗಿ ಹೇಳುತ್ತೇನೆ. ಅಳತೆಯವನ ಬೆರಳೇ ಅಳತೆ ಎಂದು ಕಟ್ಟಳೆ. ಯಾವ ಬೆರಳು ಎಂದು ಕಟ್ಟಳೆ ಮಾಡಿದ ಹಿರಿಯರು ಹೇಳಿಲ್ಲ, ಬುದ್ಧಿವಂತರಿರಬೇಕು. ದೊಡ್ಡ ಮನೆಯವರನ್ನು ನಾನು ಕಿರುಬೆರಳಿನಲ್ಲಿ ಅಳೆಯುತ್ತಿದ್ದೆ, ಎಣಿಕೆ ಏರುತ್ತಿತ್ತು. ಕೂಲಿಯವರನ್ನು ಹೆಬ್ಬೆರಳಿನಲ್ಲಿ ಅಳೆಯುತ್ತಿದ್ದೆ, ಎಣಿಕೆ ಇಳಿಯುತ್ತಿತ್ತು. ಇದನ್ನು ಯಾರೂ ಮೋಸ ಎನ್ನಲಿಲ್ಲ, ನನ್ನ ಕೈಯ ಅನುಭವ ಎಂದರು.

ವಾಲುವ ಊರಿನಲ್ಲಿ ಬದುಕುವುದು ಕಷ್ಟವೇನಲ್ಲ. ಮನೆಗಳಿಗೆ ಬಡಗಣ ಗೋಡೆಯಲ್ಲಿ ಕಿಟಕಿ ಇಡುವುದಿಲ್ಲ. ಹಿಂದೆ ಇಟ್ಟಿದ್ದಾಗ ಮೂರು ಜನ ಗಣ್ಯರು ಹೊರಗೆ ಬಿದ್ದರು. ಮಂಚಗಳಿಗೆ ಒಂದು ಪಕ್ಕದಲ್ಲಿ ಹಲಗೆ ಹೊಡೆಯುತ್ತೇವೆ. ಊಟದ ಪಂಕ್ತಿಯಲ್ಲಿ ಎಲೆಯನ್ನು ಒಂದು ಗೇಣು ಮುಂದಕ್ಕೆ ಹಾಸುತ್ತೇವೆ. ಇನ್ನು ನೀರು ತರುವುದು ಹೆಂಗಸರ ಕೆಲಸ, ಯಾಕೆಂದರೆ ಅವರು ನೆಟ್ಟಗೆ ನಡೆಯುತ್ತಾರೆ, ತಲೆಯ ಮೇಲಿನ ಕೊಡ ಚೆಲ್ಲುವುದಿಲ್ಲ. ಹೆಂಗಸು ನೀರು ಹೊರುವುದಕ್ಕೇ ಹುಟ್ಟಿದವಳು ಎನ್ನಲು ಇದಕ್ಕಿಂತ ಸಾಕ್ಷಿ ಬೇಕೆ ಎಂದು ಚಾವಡಿಯಲ್ಲಿ ಕೇಳುತ್ತಿದ್ದರು. ತಿಂಗಳು ತಿಂಗಳು ರಕ್ತ ಹೋಗುವ ಮೈಯಲ್ಲಿ, ಎಲ್ಲರೂ ಉಂಡೆದ್ದ ಮೇಲೆ ಪಾತ್ರೆಯ ತಳ ಕೆರೆದುಕೊಂಡು ಉಣ್ಣುವ ಮೈಯಲ್ಲಿ ಕಬ್ಬಿಣ ಎಲ್ಲಿಂದ ನಿಲ್ಲಬೇಕು ಎಂದು ಕೇಳುವವರು ಇರಲಿಲ್ಲ. ನಾನೂ ಕೇಳಿದವನಲ್ಲ.

ಹೆಂಗಸರಿಂದ ಊರು ಬಹಳವೇನೂ ಬಯಸಲಿಲ್ಲ, ಒಂದೇ ಒಂದು ಬೆರಳು. ಬಸುರಿಯನ್ನು ಏಳನೆಯ ತಿಂಗಳ ಸೀಮಂತದ ದಿನ ಎಲ್ಲರೆದುರು ಅಳೆಯುತ್ತಿದ್ದೆ. ಒಂದು ಬೆರಳು ಬಂದರೆ ಬಳೆ ತೊಡಿಸಿ ಆರತಿ ಎತ್ತುತ್ತಿದ್ದರು. ಬಾರದಿದ್ದರೆ ಅವಳು ಕಲ್ಲು ಬಿಟ್ಟವಳು, ಎಂದರೆ ಗುಡ್ಡವೇ ಕೈಬಿಟ್ಟವಳು. ಅವಳನ್ನು ತೆಂಕಣ ಹೊಳೆಯ ದೋಣಿ ಹತ್ತಿಸಿ ಆಚೆ ದಡಕ್ಕೆ ಬಿಟ್ಟು ಬರುತ್ತಿದ್ದರು. ಮತ್ತೆ ಅವಳು ಈಚೆ ದಡಕ್ಕೆ ಬರುವ ಹಾಗಿಲ್ಲ. ಬೇರೆ ಯಾವ ಕಾರಣಕ್ಕೂ ಮದುವೆಯಾದ ಹೆಂಗಸನ್ನು ಅಂಬಿಗ ದೋಣಿಗೆ ಹತ್ತಿಸುತ್ತಿರಲಿಲ್ಲ. ಊರಿಗೆ ಬರಲು ನೂರು ದಾರಿ, ಬಿಡಲು ಅದೊಂದೇ.

ನಮ್ಮ ಯಜಮಾನರು ಉಗ್ರಪ್ಪನವರು, ಹದಿನಾಲ್ಕು ಬೆರಳಿನವರು. ಚಾವಡಿಯಲ್ಲಿ ಅವರನ್ನು ಕುರ್ಚಿಗೆ ಹಗ್ಗದಿಂದ ಕಟ್ಟಿ ಕೂರಿಸಬೇಕಿತ್ತು, ಇಲ್ಲದಿದ್ದರೆ ತೀರ್ಪು ಹೇಳುವ ಮೊದಲೇ ಮುಗ್ಗರಿಸುತ್ತಿದ್ದರು. ಅವರ ಚರ್ಮಕ್ಕೆ ತಾಮ್ರದ ಚೊಂಬಿನ ಬಣ್ಣ ಬಂದಿತ್ತು. ಜನ ಅದನ್ನು ತೇಜಸ್ಸು ಎಂದರು. ಕೈಬೆರಳಿನ ಗೆಣ್ಣುಗಳು ಊದಿ ಊಟದ ತುತ್ತು ಕಟ್ಟಲು ಆಗುತ್ತಿರಲಿಲ್ಲ. ಅದನ್ನು ಹಿರಿತನ ಎಂದರು. ದಿನಕ್ಕೆ ಮೂರು ಕೊಡ ನೀರು ಕುಡಿದು ಹದಿನೈದು ಸಲ ಹಿತ್ತಲಿಗೆ ಹೋಗುತ್ತಿದ್ದರು. ಅದಕ್ಕೆ ಮಾತ್ರ ಯಾರಿಗೂ ಹೆಸರು ಹೊಳೆಯಲಿಲ್ಲ. ಅಂಥ ಮನೆಯವರು ನನ್ನ ಒಬ್ಬಳೇ ಮಗಳು ಪಾರಿಜಾತಳನ್ನು ಕೇಳಿಕೊಂಡು ಬಂದಾಗ ಊರೇ ಬೆರಗಾಯಿತು. ನಾನು ಬೆರಗಾಗಲಿಲ್ಲ. ಅವರ ಹನ್ನೆರಡನ್ನು ಹದಿನಾಲ್ಕು ಮಾಡಿದ್ದು ನನ್ನ ಕಿರುಬೆರಳು. ಅದರ ಒಡೆಯ ಬೀಗನಾದರೆ ಎಣಿಕೆ ಕೆಳಗಿಳಿಯುವುದಿಲ್ಲ ಎಂಬ ದೂರಾಲೋಚನೆ ಅವರದು.

ಪಾರಿ ಐದು ತಿಂಗಳ ಬಸುರಿಯಾದಾಗ ಅವಳ ಅತ್ತೆ ಗಂಗವ್ವ ಕರಿಚಹಾ ಶುರುಮಾಡಿದರು. ಇದು ನಮ್ಮೂರಿನ ಹೆಮ್ಮೆ, ಬೇರೆಲ್ಲೂ ಇಲ್ಲ. ಚಹಾದ ಸೊಪ್ಪನ್ನು ಹಾಲು ಹಾಕದೆ ಗಟ್ಟಿಯಾಗಿ ಕುದಿಸಿ, ಮನೆಯ ಕಬ್ಬಿಣದ ಸಲಾಕೆಯನ್ನು ಅದರಲ್ಲಿ ಅದ್ದಿ ಇಡುತ್ತಾರೆ. ಕೆಂಪಗಿದ್ದ ಚಹಾ ಗಂಟೆಯೊಳಗೆ ಕಾಡಿಗೆಯಂತೆ ಕಪ್ಪಾಗುತ್ತದೆ. ಕಪ್ಪಾದಷ್ಟೂ ಕಬ್ಬಿಣ ಇಳಿದಿದೆ ಎಂದು ಲೆಕ್ಕ. ಕಣ್ಣಿಗೆ ಕಾಣುತ್ತದಲ್ಲ, ಇನ್ನೇನು ಬೇಕು. ಸೊಸೆಯ ಮೇಲೆ ಪ್ರೀತಿಯಿರುವ ಅತ್ತೆಯರು ಅದನ್ನು ಪ್ರತಿ ಊಟದ ಜೊತೆಗೆ ಕುಡಿಸುತ್ತಾರೆ. ಪ್ರೀತಿಯಿಲ್ಲದವರು ಸಲಾಕೆಯನ್ನು ಬೇಗ ತೆಗೆದುಬಿಡುತ್ತಾರೆ. ಗಂಗವ್ವನಿಗೆ ಪಾರಿಯ ಮೇಲೆ ಜೀವ. ದಿನಕ್ಕೆ ಮೂರು ಲೋಟ, ಒಂದು ತೊಟ್ಟೂ ಉಳಿಸುವ ಹಾಗಿಲ್ಲ.

ಅದೇ ತಿಂಗಳು ಆಚೆ ದಡದ ಆಸ್ಪತ್ರೆಯಿಂದ ಸಲೋಮಿ ಎಂಬ ನರ್ಸು ಮಕ್ಕಳಿಗೆ ಚುಚ್ಚುಮದ್ದು ಹಾಕಲು ಬಂದಳು. ದೋಣಿ ಇಳಿದು ನಿಂತವಳು ಆರು ಬೆರಳು ವಾಲಿದಳು. ಹೆಂಗಸೊಬ್ಬಳು ಆರು ಬೆರಳು ವಾಲುವುದೆಂದರೆ ಹುಡುಗಾಟವೆ? ಕಬ್ಬಿಣ ಬಚ್ಚಿಟ್ಟುಕೊಂಡಿದ್ದಾಳೆ ಎಂದು ಚಾವಡಿಯವರು ಅವಳ ಚೀಲ ಕೊಡವಿಸಿದರು. ಚುಚ್ಚುಮದ್ದಿನ ಪೆಟ್ಟಿಗೆ, ಒಂದು ಬುತ್ತಿ, ನಾಲ್ಕು ನಿಂಬೆಹಣ್ಣು ಸಿಕ್ಕವು. ನಿಂಬೆಹಣ್ಣನ್ನು ಕೊಯ್ದೂ ನೋಡಿದರು.

ಯಜಮಾನರ ಮನೆಯಲ್ಲಿ ಅವಳು ಪಾರಿಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು, ಉಗುರು ನೋಡಿದಳು. ಉಗುರುಗಳು ಚಮಚದ ಹಾಗೆ ತಗ್ಗಾಗಿದ್ದವು. "ಬಳಪ ತಿಂತೀಯಾ?" ಎಂದು ಕೇಳಿದಳು. ಪಾರಿ ತಲೆ ತಗ್ಗಿಸಿದಳು. ಬಳಪ, ಗೋಡೆಯ ಮಣ್ಣು, ಹಸಿ ಅಕ್ಕಿ ಎಲ್ಲ ತಿನ್ನುತ್ತಿದ್ದಳಂತೆ. ನಾಲ್ಕು ಮೆಟ್ಟಿಲು ಹತ್ತಿದರೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದಳು. ಸಲೋಮಿ ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆದು ನೋಡಿ, "ಏಳು ಪಾಯಿಂಟ್ ಇದೆ. ಹನ್ನೊಂದಾದರೂ ಇರಬೇಕು" ಎಂದು ಕಬ್ಬಿಣದ ಮಾತ್ರೆ ಕೊಟ್ಟಳು.

ಉಗ್ರಪ್ಪನವರು ಹಗ್ಗದ ಕುರ್ಚಿಯಲ್ಲಿ ಕುಳಿತೇ ನಕ್ಕರು. "ಅದ್ಕೆ ಮಾತ್ರೆ ಯಾಕಮ್ಮ? ನನ್ ನೋಡು. ನಾನೇನ್ ಮಾತ್ರೆ ನುಂಗಿದ್ನಾ? ಹುಟ್ಟಿನಿಂದ ಬರ್ಬೇಕು ಕಣಮ್ಮ ಇವೆಲ್ಲ."

ಸಲೋಮಿ ಅವರ ಗೆಣ್ಣು ಮುಟ್ಟಿ ನೋಡಿದಳು, ಹೊಟ್ಟೆಯ ಬಲಗಡೆ ಒತ್ತಿ ನೋಡಿದಳು. "ಹುಟ್ಟಿನಿಂದಲೇ ಬಂದಿದೆ ಯಜಮಾನರೇ, ಅದೇ ತೊಂದರೆ" ಎಂದಳು. "ಕರುಳಿನಲ್ಲಿ ಒಬ್ಬ ಬಾಗಿಲು ಕಾಯುವವನು ಇದ್ದ ಹಾಗೆ ಅಂತ ಇಟ್ಟುಕೊಳ್ಳಿ. ಮೈಗೆ ಬೇಕಾದಷ್ಟೇ ಕಬ್ಬಿಣ ಒಳಗೆ ಬಿಡ್ತಾನೆ, ಮಿಕ್ಕಿದ್ದನ್ನು ಮಲದ ಜೊತೆ ಆಚೆ ಕಳಿಸ್ತಾನೆ. ಒಳಗೆ ಬಂದದ್ದನ್ನು ರಕ್ತದಲ್ಲಿ ಹಮಾಲಿಗಳು ಎರಡೆರಡು ಮೂಟೆಯ ಹಾಗೆ ಹೊತ್ಕೊಂಡು ಮೂಳೆಯ ಒಳಗೆ ಕೊಂಡೊಯ್ತಾರೆ. ಅಲ್ಲಿ ಹೊಸ ರಕ್ತ ತಯಾರಾಗುತ್ತೆ, ಉಸಿರನ್ನು ಮೈಯೆಲ್ಲ ಹಂಚೋದು ಆ ರಕ್ತದ ಕಬ್ಬಿಣವೇ. ಉಳಿದದ್ದು ಪಿತ್ತಕೋಶದ ಪಕ್ಕದ ಯಕೃತ್ತಿನ ಕಣಜಕ್ಕೆ ಹೋಗುತ್ತೆ. ನಿಮ್ಮ ಬಾಗಿಲಿನವನು ಹುಟ್ಟಿದಾಗಿನಿಂದ ನಿದ್ದೆ ಮಾಡ್ತಿದ್ದಾನೆ. ಬಂದದ್ದೆಲ್ಲ ಒಳಗೆ. ಮೈಗೆ ಕಬ್ಬಿಣ ತರೋ ಬಾಗಿಲಿದೆ, ಒಳಗೆ ಸೇರಿದ್ದನ್ನು ಹೊರಗೆ ಹಾಕೋ ಬಾಗಿಲಿಲ್ಲ. ಕಣಜ ತುಂಬಿ ಗೋಡೆ ಬಿರೀತಾ ಇದೆ."

"ಅದ್ಕೆ ಏನ್ ಮಾಡ್ಬೇಕಂತೆ?"

"ವಾರಕ್ಕೊಮ್ಮೆ ಒಂದು ಬಾಟಲಿ ರಕ್ತ ತೆಗೆಸಬೇಕು. ಹೋಗೋಕೆ ಅದೊಂದೇ ದಾರಿ. ಹೊಸ ರಕ್ತ ಕಟ್ಟೋಕೆ ಕಣಜದ ಕಬ್ಬಿಣ ಖರ್ಚಾಗುತ್ತೆ, ನೀವು ಉಳೀತೀರಿ."

"ಆಗ ವಾಲು ಎಷ್ಟಾಯ್ತದೆ?"

"ನಾಲ್ಕೋ ಐದೋ ಬೆರಳು. ಎಲ್ಲರ ಹಾಗೆ."

ಯಜಮಾನರು ಅವಳನ್ನು ಬಹಳ ಮರ್ಯಾದೆಯಿಂದ ಬಾಗಿಲವರೆಗೆ ಕಳಿಸಿಕೊಟ್ಟರು. ಎಲ್ಲರ ಹಾಗೆ ಬದುಕಿ ಉಳಿಯುವುದಕ್ಕೆ ಅವರು ಯಜಮಾನರಾದದ್ದೆ? ಅದನ್ನು ನಾನೂ ಒಪ್ಪಿದೆ, ತಲೆಯನ್ನೂ ಆಡಿಸಿದೆ. ಬೀಗರಲ್ಲವೆ.

ಏಳನೆಯ ತಿಂಗಳಿಗೆ ಸಲೋಮಿ ಮತ್ತೆ ಬಂದಳು. ಪಾರಿಯ ರಕ್ತ ನೋಡಿ ಮುಖ ಗಂಟಿಕ್ಕಿಕೊಂಡಳು. ಏಳಿದ್ದದ್ದು ಐದೂವರೆಗೆ ಇಳಿದಿತ್ತು. ಮಾತ್ರೆ ನುಂಗಲಿಲ್ಲವೆ ಎಂದು ಕೇಳಿದರೆ ಗಂಗವ್ವನಿಗೆ ಸಿಟ್ಟು ಬಂತು. "ಒಂದು ದಿನ ತಪ್ಸಿಲ್ಲ ಕಣವ್ವ. ಬರೀ ನೀರಲ್ಲಿ ಕೊಟ್ರೆ ಏನ್ ಬಲ ಬಂದಾತು ಅಂತ ನಾನೇ ಕೈಯಾರ ಕರಿಚಹಾದಲ್ಲಿ ನುಂಗಿಸಿವ್ನಿ" ಎಂದರು. ಹೇಳುವಾಗ ಅವರ ಮುಖದಲ್ಲಿ ಎಷ್ಟು ಸಂತೋಷವಿತ್ತೆಂದರೆ ಸಲೋಮಿ ಅವರನ್ನು ಬೈಯಲಾರದೆ ಎದ್ದು ನೇರವಾಗಿ ನನ್ನ ಮನೆಗೆ ಬಂದಳು.

ನಾನು ಜಗಲಿಯಲ್ಲಿ ಅಳತೆ ಪುಸ್ತಕ ಬರೆಯುತ್ತಾ ಕುಳಿತಿದ್ದೆ. ಅವಳು ನಿಂತುಕೊಂಡೇ ನನ್ನ ಮಸಿಕುಡಿಕೆಯನ್ನು ನೋಡಿದಳು.

"ಈರಯ್ಯನವರೇ, ಈ ಶಾಯಿ ಎಲ್ಲಿಂದ ತರ್ತೀರಿ?"

"ತರೋದ್ಯಾಕೆ ಸಿಸ್ಟರ್, ಕರಿಚಹಾ ಮಾಡ್ದಾಗ ಸಲಾಕೆ ಪಾತ್ರೆ ತಳದಲ್ಲಿ ಗಸಿ ಉಳೀತದೆ. ಅದೇ ಇದು. ನಮ್ಮಪ್ಪನ ಕಾಲ್ದಿಂದಲೂ ಅದ್ರಲ್ಲೇ ಬರಿಯಾದು. ನೂರು ವರ್ಷ ಆದ್ರೂ ಅಳಿಸಲ್ಲ."

"ನೂರು ವರ್ಷ ಅಳಿಸದೇ ಇರೋದನ್ನ ಆ ಹುಡುಗಿಯ ಹೊಟ್ಟೆ ಅರ್ಧ ದಿನದಲ್ಲಿ ಕರಗಿಸಬೇಕಾ?" ಎಂದಳು. ಆಮೇಲೆ ಜಗಲಿಯ ಅಂಚಿಗೆ ಕುಳಿತು ನಿಧಾನವಾಗಿ ವಿವರಿಸಿದಳು. ಚಹಾದ ಒಗರು ಕಬ್ಬಿಣವನ್ನು ಹಿಡಿದು ಕಟ್ಟಿಹಾಕುತ್ತದೆ, ಕಪ್ಪಗಾಗುವುದೇ ಆ ಕಟ್ಟಿನ ಗುರುತು. ಕಟ್ಟಿದ ಕಬ್ಬಿಣವನ್ನು ಕರುಳು ಮುಟ್ಟುವುದಿಲ್ಲ, ಬಂದ ಹಾಗೆ ಹೋಗುತ್ತದೆ. ಸಲಾಕೆಯದಷ್ಟೇ ಅಲ್ಲ, ಅದರ ಜೊತೆ ಉಂಡ ಹುರುಳಿಯ ಕಬ್ಬಿಣ, ನುಗ್ಗೆಸೊಪ್ಪಿನ ಕಬ್ಬಿಣ, ಅವಳು ಕೊಟ್ಟ ಮಾತ್ರೆಯ ಕಬ್ಬಿಣ ಎಲ್ಲವೂ ಆ ಲೋಟದಲ್ಲೇ ಕಟ್ಟಿಹೋಗುತ್ತದೆ. ಅದೇ ಊಟಕ್ಕೆ ಒಂದು ಹೋಳು ನಿಂಬೆ ಹಿಂಡಿದ್ದರೆ ದುಪ್ಪಟ್ಟು ಒಳಗೆ ಹೋಗುತ್ತಿತ್ತು. "ನೀವು ಬಸುರಿಯರಿಗೆ ಕುಡಿಸ್ತಿರೋದು ಶಾಯಿ" ಎಂದಳು.

ನಾನು ಎದ್ದೆ. ಒಳಗೆ ಹೋಗಿ ಇಪ್ಪತ್ತಮೂರು ವರ್ಷ ಹಿಂದಿನ ಅಳತೆ ಪುಸ್ತಕ ತಂದು ಒಂದು ಹಾಳೆ ತೆಗೆದು ಅವಳ ಮುಂದಿಟ್ಟೆ. ಅದರಲ್ಲಿ, ಸಣ್ಣತಾಯಿ, ಒಂದು ಬೆರಳು, ಎಂದು ಬರೆದಿದೆ. ಸಣ್ಣತಾಯಿ ನನ್ನ ಹೆಂಡತಿ. ಅಕ್ಷರ ಇನ್ನೂ ಕಪ್ಪಗಿತ್ತು. ಅವಳ ಕರಿಚಹಾವನ್ನು ನಾನೇ ಕಾಸುತ್ತಿದ್ದೆ. ಸಲಾಕೆಯನ್ನು ರಾತ್ರಿಯಿಡೀ ನೆನೆಸುತ್ತಿದ್ದೆ, ನನ್ನಷ್ಟು ಕಪ್ಪಗೆ ಊರಿನಲ್ಲಿ ಯಾರೂ ಮಾಡುತ್ತಿರಲಿಲ್ಲ. ಅವಳಿಗೆ ಅದರ ಒಗರು ಹಿಡಿಸುತ್ತಿರಲಿಲ್ಲ. ಮೂಗು ಮುಚ್ಚಿಕೊಂಡು ಕುಡಿದು ಲೋಟ ಬೋರಲು ಮಾಡಿ ತೋರಿಸುತ್ತಿದ್ದಳು. ಅವಳು ಕುಡಿದು ಉಳಿದ ಗಸಿಯಲ್ಲೇ ಆ ಸಾಲು ಬರೆದಿದ್ದೆ.

"ಹೆರಿಗೆಯಲ್ಲಿ ಹೋದ್ರಾ?" ಎಂದಳು ಸಲೋಮಿ.

"ಪಾರಿ ಹುಟ್ದಾಗ. ರಕ್ತ ನಿಲ್ಲಲಿಲ್ಲ. ಎಲ್ಲಾರ್ಗೂ ಹೋಗೋವಷ್ಟೇ ಹೋಗಿದ್ದು ಅಂತ ಸೂಲಗಿತ್ತಿ ಹೇಳಿದ್ಲು. ಇವ್ಳಿಗೆ ಅಷ್ಟೂ ತಡೀಲಿಲ್ಲ."

"ಒಂದು ಬೆರಳು ಇತ್ತು ಅಂತ ಬರೆದಿದೀರಲ್ಲ."

ಇರಲಿಲ್ಲ. ಸೊನ್ನೆಯಿತ್ತು. ಗುಂಡು ಅವಳ ಪಾದದ ತುದಿಗೆ ಸರಿಯಾಗಿ ಬಂದು ನಿಂತಿತ್ತು. ನಾನು ಕಿರುಬೆರಳನ್ನು ಅವಳ ಪಾದಕ್ಕೂ ಗುಂಡಿಗೂ ನಡುವೆ ಹೇಗೋ ತೂರಿಸಿ ಒಂದು ಎಂದು ಕೂಗಿದ್ದೆ. ಅವಳನ್ನು ದೋಣಿ ಹತ್ತಿಸುವುದು ನನ್ನ ಕೈಲಾಗುತ್ತಿರಲಿಲ್ಲ, ಮದುವೆಯಾಗಿ ಎರಡೇ ವರ್ಷವಾಗಿತ್ತು. ಆಗಲೂ ಆಚೆ ದಡದಲ್ಲಿ ಆಸ್ಪತ್ರೆ ಇತ್ತು. ಜೀವಮಾನದಲ್ಲಿ ದೊಡ್ಡವರಿಗಲ್ಲದೆ ನಾನು ಕಿರುಬೆರಳು ಹಿಡಿದದ್ದು ಅದೊಂದು ಸಲ, ಅದೂ ಪ್ರೀತಿಯಿಂದ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಸಲೋಮಿಗೆ ಹೇಳಿದೆ.

ಅವಳು ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟಳು. "ಇನ್ನು ಮಾತ್ರೆಗೆ ಸಮಯ ಇಲ್ಲ. ಪಾರಿಜಾತಳಿಗೆ ರಕ್ತ ಕೊಡಿಸಬೇಕು, ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು. ಇಲ್ಲೇ ಇದ್ದರೆ ಅಮ್ಮನಿಗೆ ಆದದ್ದೇ ಮಗಳಿಗೂ ಆಗುತ್ತೆ. ನಾನು ಕರೆದುಕೊಂಡು ಹೋಗಬಹುದಾ?"

"ನಿಮ್ ಜೊತೆ ಅಂಬಿಗ ಕರ್ಕೊಂಡೋಗಲ್ಲ. ಕಲ್ಲು ಬಿಟ್ಟೋರ್ನ ಮಾತ್ರ."

"ಸೀಮಂತ ಯಾವಾಗ?"

"ಶುಕ್ರವಾರ" ಎಂದೆ. ಅವಳು ನನ್ನ ಬೆರಳುಗಳ ಕಡೆ ನೋಡಿದಳು.

ಬುಧವಾರ ಉಗ್ರಪ್ಪನವರು ಇಬ್ಬರು ಆಳುಗಳ ಹೆಗಲ ಮೇಲೆ ಕೈಯಿಟ್ಟುಕೊಂಡು ನನ್ನ ಮನೆಗೇ ಬಂದರು. ಕೆಲಸವಿಲ್ಲದಾಗ ಅವರು ನನ್ನನ್ನು ಲೋ ಈರಯ್ಯ ಎನ್ನುತ್ತಿದ್ದರು. ಅವತ್ತು ಬಾಗಿಲಲ್ಲೇ "ಬೀಗ್ರೇ" ಎಂದರು. ಹೆಣ್ಣು ಕೊಟ್ಟಾಗಿನಿಂದ ಆ ಮಾತು ಕೇಳಿದ್ದು ಎರಡನೆಯ ಸಲ.

"ಬೀಗ್ರೇ, ನಮ್ಮನೇಲಿ ಇವತ್ತಿನವರೆಗೂ ಒಬ್ಬ ಸೊಸೆ ದೋಣಿ ಹತ್ತಿಲ್ಲ. ನೀವು ಅಳ್ಯೋವಾಗ ನಿಮ್ ಕಿರುಬೆರಳ ಮರೀಬ್ಯಾಡಿ. ನಾನ್ ಹೇಳ್ಕೊಡೋದ್ ಏನೈತೆ, ನಿಮ್ಗೆ ಅನುಭವ ಐತೆ."

"ಅವಳ್ಗೆ ಮೈಯಲ್ಲಿ ರಕ್ತ ಇಲ್ಲ ಬೀಗ್ರೇ. ಇಲ್ಲೇ ಹೆತ್ರೆ ಉಳಿಯಲ್ಲ ಅಂತ ನರ್ಸಮ್ಮ ಹೇಳ್ತು."

ಅವರು ಸ್ವಲ್ಪ ಹೊತ್ತು ಯೋಚಿಸಿದರು. ನಿಜವಾಗಿಯೂ ಯೋಚಿಸಿದರು, ಹಣೆಯಲ್ಲಿ ಗೆರೆ ಮೂಡಿತು. "ಒಂದು ಬೆರಳು ಬಂದು ಆಮೇಲೆ ಏನಾರ ಆದ್ರೆ ಅದು ವಿಧಿ. ಒಂದು ಬೆರಳೂ ಬರ್ದೆ ಹೋದ್ರೆ ಅದು ಅವಮಾನ" ಎಂದರು. ಇಷ್ಟು ಸ್ಪಷ್ಟವಾಗಿ ನಮ್ಮೂರಿನ ಧರ್ಮವನ್ನು ಯಾರು ಹೇಳಿದ್ದನ್ನೂ ನಾನು ಕೇಳಿರಲಿಲ್ಲ.

ಮರುದಿನ ಮಧ್ಯಾಹ್ನ ಪಾರಿ ಬಂದಳು. ನಾಲ್ಕು ಮನೆ ಆಚೆಯಿಂದ ಬರುವಷ್ಟರಲ್ಲಿ ಎರಡು ಕಡೆ ಜಗಲಿಯ ಮೇಲೆ ಕೂತು ಎದ್ದಿದ್ದಳು. ತುಟಿ ಬಿಳಿಚಿಕೊಂಡಿತ್ತು, ಕೈಯಲ್ಲಿ ಬಳಪದ ಪುಡಿ. ಗೋಡೆಗೆ ಒರಗಿ ಕುಳಿತು, "ಅಪ್ಪ, ಅವ್ವನಿಗೂ ಒಂದೇ ಬೆರಳು ಅಲ್ವಾ ಇದ್ದದ್ದು?" ಎಂದು ಕೇಳಿದಳು.

"ಹ್ಞೂಂ."

"ನಂಗೂ ಅಷ್ಟು ಕೊಟ್ಟುಬುಡು. ನಿನ್ ಕೈಲಿ ಐತೆ. ಅತ್ತೆ ನನ್ ಮೇಲೆ ಎಷ್ಟ್ ಆಸೆ ಇಟ್ಕೊಂಡವ್ಳೆ ಗೊತ್ತಾ? ಮೂರು ಹೊತ್ತು ಕರಿಚಹಾ ಕಾಸ್ತದೆ ಪಾಪ. ನಾನು ಆಚೆ ದಡಕ್ಕೆ ಹೋಗಿ ಯಾರ್ ಮುಖ ನೋಡ್ಲಿ ಅಪ್ಪ? ನಿನ್ ಯಾರ್ ನೋಡ್ಕೋತಾರೆ?"

ಅವಳಿಗೆ ಎಲ್ಲವನ್ನೂ ಹೇಳಬೇಕೆಂದುಕೊಂಡೆ. ಸೊನ್ನೆಯ ವಿಷಯ, ನಾನು ತೂರಿಸಿದ ಕಿರುಬೆರಳಿನ ವಿಷಯ. ಅವಳ ಅವ್ವನ ಒಂದು ಬೆರಳನ್ನು ಅವಳು ಚಿಕ್ಕಂದಿನಿಂದ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದಳು. ಬಾಯಿ ಬರಲಿಲ್ಲ. ನಿಂಬೆಹಣ್ಣಿನ ಪಾನಕ ಮಾಡಿ ಕೊಟ್ಟೆ. ಕುಡಿದು ಲೋಟ ಬೋರಲು ಮಾಡಿ ತೋರಿಸಿದಳು. ಅವ್ವನ ಮುಖ ನೋಡದ ಮಗುವಿಗೆ ಆ ಅಭ್ಯಾಸ ಎಲ್ಲಿಂದ ಬಂತೋ. ನಾನು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ಶುಕ್ರವಾರ ಬೆಳಿಗ್ಗೆ ಚಾವಡಿಯ ಮುಂದೆ ಊರೆಲ್ಲ ಸೇರಿತು. ಹಸಿರು ಸೀರೆ ಉಡಿಸಿ, ಮುಡಿತುಂಬ ಹೂವಿಟ್ಟು ಪಾರಿಯನ್ನು ಗುಡ್ಡಕ್ಕೆ ಮುಖಮಾಡಿ ನಿಲ್ಲಿಸಿದರು. ಗಂಗವ್ವ ಕೊನೆಯ ಲೋಟ ಕರಿಚಹಾ ಅಲ್ಲೇ ಕುಡಿಸಿದರು. ನಾನು ದಾರ ಹಿಡಿದೆ. ಗುಂಡು ಒಂದೆರಡು ಸಲ ತೂಗಿ ನಿಂತಿತು. ಅವಳ ಪಾದದ ತುದಿಗೆ ಸರಿಯಾಗಿ, ಕೂದಲೆಳೆಯಷ್ಟೂ ಮುಂದಿಲ್ಲ. ಆದರೆ ಒಂದು ವಿಚಿತ್ರ ಎಲ್ಲರ ಕಣ್ಣಿಗೂ ಬಿತ್ತು. ತಲೆ, ಎದೆ, ಮೊಣಕಾಲು ಎಲ್ಲ ಕಂಬದಂತೆ ನೆಟ್ಟಗಿದ್ದರೂ ಅವಳ ಹೊಟ್ಟೆ ಮಾತ್ರ ಗುಡ್ಡದ ಕಡೆಗೆ ಜಗ್ಗುತ್ತಿತ್ತು. ತಾಯಿಯ ಮೈಯಲ್ಲಿ ಎಷ್ಟೇ ಕಡಿಮೆಯಿದ್ದರೂ ಮಗು ತನ್ನ ಪಾಲನ್ನು ಎಳೆದುಕೊಳ್ಳುತ್ತದೆ ಎಂದು ಸಲೋಮಿ ಹೇಳಿದ್ದಳು. ಎಳೆದುಕೊಂಡಿತ್ತು.

ಉಗ್ರಪ್ಪನವರಿಗೆ ಹೋದ ಜೀವ ಬಂತು. "ಬೀಗ್ರೇ, ದಾರ ಹೊಟ್ಟೆಗೆ ಹಿಡೀರಿ" ಎಂದರು. "ಐದು ಬೆರಳಾದ್ರೂ ಐತೆ. ನಮ್ಮನೆ ಕಬ್ಬಿಣ ಅದು, ನೋಡ್ರಪ್ಪ ಎಲ್ಲ."

ಚಾವಡಿಯವರು ಹೌದು ಹೌದು ಎಂದರು. ಹತ್ತು ಬೆರಳಿಗೆ ಮೇಲ್ಪಟ್ಟ ಹಿರಿಯರೆಲ್ಲ ಒಟ್ಟಿಗೆ ತಲೆಯಾಡಿಸಿದ್ದರಿಂದ ಇಬ್ಬರು ಮುಂದಕ್ಕೆ ಬಿದ್ದರು. ಅವರನ್ನು ಎತ್ತಿ ನಿಲ್ಲಿಸುವವರೆಗೆ ನಾನು ಕಾದೆ.

"ಕಟ್ಟಳೆ ಹಣೆಗೆ ಹಿಡೀಬೇಕು ಅಂತದೆ" ಎಂದೆ.

ಮೂವತ್ತು ವರ್ಷ ಒಂದು ದಿನವೂ ಕಟ್ಟಳೆಯನ್ನು ನೆಟ್ಟಗೆ ನಡೆಸದವನ ಬಾಯಲ್ಲಿ ಆ ಮಾತು ಕೇಳಿ ಜನಕ್ಕೆ ನಗು ಬಂತು. ನನಗೂ ಬರುತ್ತಿತ್ತು, ಬೇರೆ ದಿನವಾಗಿದ್ದರೆ. ನಾನು ಕುಕ್ಕರುಗಾಲಿನಲ್ಲಿ ಕುಳಿತೆ. ಪಾರಿ ಕೆಳಗೆ ನೋಡಿದಳು. ಅವಳ ಕಣ್ಣು ನನ್ನ ಕಿರುಬೆರಳಿನ ಮೇಲಿತ್ತು. ನಾನು ಹೆಬ್ಬೆರಳು ಚಾಚಿ ಅವಳ ಪಾದದ ತುದಿಗಿಟ್ಟೆ. ನಡುವೆ ಜಾಗವೇ ಇರಲಿಲ್ಲ.

"ಸೊನ್ನೆ" ಎಂದೆ. ಯಾರೂ ಅಲ್ಲಾಡಲಿಲ್ಲ. ಕೇಳಿಸಲಿಲ್ಲವೇನೋ ಎಂದು ಎದ್ದು ನಿಂತು ಇನ್ನೊಮ್ಮೆ ಹೇಳಿದೆ. "ಪಾರಿಜಾತ, ಉ‌ಗ್ರಪ್ಪನವರ ಸೊಸೆ, ಸೊನ್ನೆ. ಕಲ್ಲು ಬಿಟ್ಟದೆ."

ಗಂಗವ್ವ ಲೋಟ ಹಿಡಿದುಕೊಂಡೇ ಕುಸಿದು ಕುಳಿತರು. ಪಾರಿ ಅಳಲಿಲ್ಲ. ನನ್ನ ಮುಖವನ್ನೇ ನೋಡಿದಳು, ಯಾರೋ ಗುರುತಿಲ್ಲದವರನ್ನು ನೋಡುವ ಹಾಗೆ. ಅವಳ ಗಂಡ ಹೊನ್ನಪ್ಪ, ಒಂಬತ್ತು ಬೆರಳಿನ ಗಂಡಸು, ಹೊಳೆಯವರೆಗೆ ಅವಳ ಗಂಟು ಹೊತ್ತುಕೊಂಡು ಬಂದ. ದೋಣಿಗೆ ಮಾತ್ರ ಹತ್ತಲಿಲ್ಲ, ಅಪ್ಪನನ್ನು ಕುರ್ಚಿಗೆ ಕಟ್ಟುವವರು ಬೇಕಲ್ಲ ಎಂದ. ಸಲೋಮಿ ಪಾರಿಯ ಭುಜಕ್ಕೆ ಕೈಕೊಟ್ಟು ಕೂರಿಸಿಕೊಂಡಳು. ನಾನು ದಡದಲ್ಲಿ ನಿಂತು "ಮಗಳೇ" ಎಂದೆ. ಅವಳು ತಿರುಗಲಿಲ್ಲ. ದೋಣಿ ತೆಂಕಣಕ್ಕೆ ಹೊರಟಿತು. ಅವಳ ಬೆನ್ನು ನನ್ನ ಕಡೆಗಿತ್ತು, ನೆಟ್ಟಗೆ.

ಸಂಜೆಯೊಳಗೆ ನನ್ನ ದಾರ, ಗುಂಡು ಎರಡನ್ನೂ ಕಿತ್ತುಕೊಂಡರು. ಉಗ್ರಪ್ಪನವರ ಭಾವಮೈದುನನನ್ನು ಹೊಸ ಅಳತೆಯವನನ್ನಾಗಿ ಮಾಡಿದರು. ಅವನ ಬೆರಳುಗಳು ಹುರುಳಿಕಾಯಿಯ ಹಾಗೆ ಸಣಕಲು. ಒಂದೇ ವಾರದಲ್ಲಿ ಊರಿನವರ ವಾಲೆಲ್ಲ ಎರಡು ಮೂರು ಬೆರಳು ಏರಿತು, ಎಲ್ಲರಿಗೂ ಸಂತೋಷವಾಯಿತು, ಇಷ್ಟು ದಿನ ಈರಯ್ಯ ನಮಗೆ ಅನ್ಯಾಯ ಮಾಡಿದ ಎಂದು ಮಾತಾಡಿಕೊಂಡರು. ಯಜಮಾನರು ಹದಿನೇಳಾದರು. ಈಗ ಹಾಸಿಗೆಯಿಂದ ಏಳುವುದಿಲ್ಲ. ಹೊಟ್ಟೆಯಲ್ಲಿ ನೀರು ತುಂಬಿದೆ, ಕಣ್ಣು ಅರಿಸಿನವಾಗಿದೆ. ಹದಿನೇಳು ಬೆರಳಿನ ಮನುಷ್ಯ ಮಲಗಿಕೊಂಡೂ ವಾಲುವುದನ್ನು ನೋಡಲು ಜನ ಹಣ್ಣು ಕಾಯಿ ಹಿಡಿದುಕೊಂಡು ಬರುತ್ತಾರೆ.

ಎರಡು ತಿಂಗಳ ಮೇಲೆ ಸಲೋಮಿ ಬಂದು ಹೇಳಿದಳು. ಪಾರಿಗೆ ಮೂರು ಬಾಟಲಿ ರಕ್ತ ಹತ್ತಿಸಿದರು. ಹೆಣ್ಣುಮಗು. ಹೆರಿಗೆಯಲ್ಲಿ ರಕ್ತ ಹೋಯಿತು, ಎಲ್ಲರಿಗೂ ಹೋಗುವಷ್ಟು. ಈ ಸಲ ಮೈ ತಡೆದುಕೊಂಡಿತು. ಅವಳ ಅವ್ವನ ಅಳತೆಯ ವಿಷಯವನ್ನು ಸಲೋಮಿಯೇ ಅವಳಿಗೆ ಹೇಳಿದಳಂತೆ.

"ಏನಂದ್ಲು?" ಎಂದೆ.

"ತಲೆ ಎತ್ತಲಿಲ್ಲ. ಮಗುವಿಗೆ ಹಾಲು ಕುಡಿಸ್ತಾ ಇದ್ದಳು."

ನಾನು ಒಂದು ಹೊಸ ದಾರ ತೆಗೆದುಕೊಂಡು ಬೆರಳಿನ ಅಗಲಕ್ಕೊಂದರಂತೆ ಹತ್ತು ಗಂಟು ಹಾಕಿ ಸಲೋಮಿಯ ಕೈಯಲ್ಲಿ ಕೊಟ್ಟೆ. ಹೊಳೆಯ ಆಚೆಗೂ ಗುಡ್ಡ ಎಳೆಯುತ್ತದೆ, ಯಾವಾಗಲಾದರೂ ಮನಸ್ಸು ಬಂದರೆ ಅಳೆದುಕೊಳ್ಳಲಿ ಎಂದೆ. ತಿಂಗಳುಗಳು ಹೋದವು. ಮಾತ್ರೆ ಕಣಜ ತುಂಬುವುದಕ್ಕೆ ಆರು ತಿಂಗಳು ಬೇಕು ಎಂದು ಸಲೋಮಿ ಹೇಳಿದ್ದಳು, ನಾನು ಅಷ್ಟನ್ನೂ ಲೆಕ್ಕ ಹಾಕಿಕೊಂಡು ಕಾದೆ.

ನಿನ್ನೆ ಸಲೋಮಿ ದೋಣಿಯಿಂದ ಇಳಿದವಳೇ ಚೀಲದಿಂದ ಒಂದು ತುಂಡು ದಾರ ತೆಗೆದು ನನ್ನ ಅಂಗೈಯಲ್ಲಿಟ್ಟಳು. ಪಾರಿ ಅದನ್ನು ಮೂರನೆಯ ಗಂಟಿನಾಚೆ ಹಲ್ಲಿನಿಂದ ಕಚ್ಚಿ ತುಂಡು ಮಾಡಿದ್ದಳು. ಮೂರು ಬೆರಳು, ಮೇಲೆ ಇನ್ನೂ ಚೂರು. ನಾನು ಅದನ್ನು ಎರಡು ಮೂರು ಸಲ ಎಣಿಸಿದೆ.

"ಬೇರೆ ಏನಾರ ಹೇಳಿದ್ಲಾ ಸಿಸ್ಟರ್?"

"ಒಂದೇ ಮಾತು ಕೇಳಿದಳು" ಎಂದಳು ಸಲೋಮಿ. "ಅಪ್ಪ ಈ ಗಂಟು ಹಾಕಿದ್ದು ಯಾವ ಬೆರಳಿನ ಅಳತೆಗೆ, ಕೇಳ್ಕೊಂಡು ಬನ್ನಿ ಅಂದಳು."

ಒಂಬತ್ತು ತಿಂಗಳ ಮೇಲೆ ನನ್ನ ಮಗಳು ನನ್ನೊಡನೆ ಆಡಿದ ಮೊದಲ ಮಾತು ಅದು. ಕೇಳಲೇಬೇಕಾದ ಮಾತನ್ನೇ ಕೇಳಿದ್ದಳು. ನಾನು ಕೈಯೆತ್ತಿ ಸಲೋಮಿಗೆ ತೋರಿಸಿದೆ.

"ಹೆಬ್ಬೆರಳು ಅಂತ ಹೇಳಿ" ಎಂದೆ.